ಜುಲೈ ಮಳೆಗೆ ಬಾರದ ಡೆಂಗಿ ಅಕ್ಟೋಬರ್ ಬಿಸಿಲಿಗೆ ಯಾಕೆ ಬಂತು?

ಮುಂಬಯಿಯ ಗೋರೆಗಾಂವ್‌ನಿಂದ ಓದುಗರೊಬ್ಬರು ಕೇಳಿದ್ದಾರೆ: "ನಮ್ಮದು ನಾಲ್ಕು ಮಾಳಿಗೆಯ ಹಳೇ ಬಿಲ್ಡಿಂಗ್. ಜುಲೈಯಲ್ಲಿ ಮಳೆ ಹೊಡೆದ ರೀತಿ ನೋಡಿ ಈ ಸಲ ಮನೆಮನೆಗೂ ಜ್ವರ ಬರುತ್ತದೆ ಅಂತ ಹೆದರಿದ್ದೆವು. ಏನೂ ಆಗಲಿಲ್ಲ. ಮಳೆ ಹೋಗಿ ಬಿಸಿಲು ಬಂದ ಮೇಲೆ ನಮ್ಮ ವಿಂಗ್‌ನಲ್ಲೇ ಮೂರು ಮನೆಗೆ ಡೆಂಗಿ ಬಂತು. ಅದರಲ್ಲಿ ನನ್ನ ಮಗನೂ ಒಬ್ಬ, ಈಗ ಹುಷಾರಾಗಿದ್ದಾನೆ. ಮಳೆ ಜಾಸ್ತಿ ಆದರೆ ಸೊಳ್ಳೆ ಜಾಸ್ತಿ ಅಲ್ವಾ? ಹಾಗಾದರೆ ಮಳೆ ಇಲ್ಲದಾಗ ಯಾಕೆ ಬಂತು? ಚಳಿ ಬಂದರೆ ನಿಲ್ಲುತ್ತದಾ? ಹವಾಮಾನ ಬದಲಾಗುತ್ತಿದೆ ಅಂತಾರಲ್ಲ, ಮುಂದೆ ಇದು ಇನ್ನೂ ಹೆಚ್ಚುತ್ತದಾ? ದೀಪಾವಳಿಗೆ ಉಡುಪಿ ಕಡೆ ಊರಿಗೆ ಹೋಗುತ್ತೇವೆ, ಅಲ್ಲಿ ಅಮ್ಮ ಒಬ್ಬರೇ ಇದ್ದಾರೆ. ಅಲ್ಲಿ ಏನು ನೋಡಿಕೊಳ್ಳಬೇಕು?"

ಅಕ್ಕಾ, ಮಗ ಹುಷಾರಾದ ಅಂತ ಓದಿ ಸಮಾಧಾನವಾಯಿತು. ನಿಮ್ಮ ಪ್ರಶ್ನೆ ತುಂಬಾ ಒಳ್ಳೆಯದು, ಯಾಕೆಂದರೆ ನೀವು ನೋಡಿದ್ದು ಸರಿಯಾಗಿಯೇ ಇದೆ. ನಾನು ಪುಣೆಯಲ್ಲಿ ಇಪ್ಪತ್ತು ವರ್ಷ ಸೊಳ್ಳೆ ಸಾಕಿ, ಅವುಗಳ ಬಗ್ಗೆಯೇ ಕೆಲಸ ಮಾಡಿದವನು. ಜೋರು ಮಳೆಯ ನಡುವೆ ಡೆಂಗಿ ಉಕ್ಕುವುದು ಕಡಿಮೆ. ಮಳೆ ಬಿಟ್ಟು ಬಿಟ್ಟು ಬರುವಾಗ, ಆಮೇಲೆ ಮಳೆ ಹಿಂದೆ ಸರಿಯುವಾಗ ಅದು ಏರುತ್ತದೆ.

ಸೊಳ್ಳೆಯ ಮರಿಗೆ ನಿಂತ ನೀರು ಬೇಕು, ಅದೂ ಒಂದು ವಾರಕ್ಕಿಂತ ಹೆಚ್ಚು ಹಾಗೇ ನಿಂತಿರಬೇಕು. ಮೊಟ್ಟೆ ಒಡೆದು, ನೀರಲ್ಲಿ ಕುಣಿಯುವ ಹುಳ ಆಗಿ, ಕೋಶ ಕಟ್ಟಿ, ರೆಕ್ಕೆ ಬಂದು ಹಾರಲು ನಮ್ಮ ಮಳೆಗಾಲದ ಸೆಕೆಗೆ ಎಂಟು ಹತ್ತು ದಿನ ಸಾಕು. ಜುಲೈಯಲ್ಲಿ ಆ ಎಂಟು ಹತ್ತು ದಿನವೇ ಅದಕ್ಕೆ ಸಿಗುವುದಿಲ್ಲ. ಟೆರೇಸಿನ ಮೇಲೆ ಬಿದ್ದ ಡಬ್ಬ, ಸಜ್ಜಾದ ಮೇಲಿನ ಕುಂಡ, ಮುರಿದ ಬಕೆಟ್ ಎಲ್ಲಾ ಎರಡು ದಿನಕ್ಕೊಮ್ಮೆ ತುಂಬಿ ಹೊರಗೆ ಚೆಲ್ಲುತ್ತಿರುತ್ತವೆ, ಚೆಲ್ಲುವಾಗ ಹುಳಗಳೂ ನೀರಿನ ಜೊತೆಗೆ ಹೋಗುತ್ತವೆ. ಮುಂಬಯಿಗೆ ಜುಲೈ ಒಂದೇ ತಿಂಗಳಲ್ಲಿ ಸಾಮಾನ್ಯವಾಗಿ 800 ಮಿ.ಮೀ.ಗಿಂತ ಜಾಸ್ತಿ ಮಳೆ. ಪುಣೆ ಶಹರಕ್ಕೆ ಇಡೀ ಮಳೆಗಾಲದಲ್ಲೂ ಅಷ್ಟು ಬರುವುದಿಲ್ಲ. ಆದರೂ ಪುಣೆಯಲ್ಲಿ ಡೆಂಗಿ ಕಾಟ ಏನು ಕಡಿಮೆಯೇ? ಅಲ್ಲಿ ಮಳೆ ಸಣ್ಣಗೆ, ಹದವಾಗಿ, ವಾರಗಟ್ಟಲೆ ಬೀಳುತ್ತದೆ. ಡಬ್ಬ ತುಂಬುತ್ತದೆ, ಚೆಲ್ಲುವುದಿಲ್ಲ.

ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ಸಂಸ್ಥೆಯಲ್ಲಿ ಸೋಫಿಯಾ ಯಾಕೂಬ್ ಮತ್ತು ರಾಕ್ಸಿ ಮ್ಯಾಥ್ಯೂ ಕೋಲ್ ಅವರ ತಂಡ ಇದನ್ನೇ ಅಳೆದು 2025ರ ಜನವರಿಯಲ್ಲಿ ಪ್ರಕಟಿಸಿತು. ಪುಣೆಯ ಡೆಂಗಿ ಸಾವುಗಳನ್ನು ಮಳೆ, ಬಿಸಿ, ತೇವಾಂಶದ ದಾಖಲೆಗಳ ಪಕ್ಕದಲ್ಲಿಟ್ಟು ನೋಡಿದರು. ವಾರಕ್ಕೆ 150 ಮಿ.ಮೀ. ವರೆಗಿನ ಮಳೆ ಡೆಂಗಿಯನ್ನು ಏರಿಸುತ್ತದೆ, ಅದನ್ನು ದಾಟಿದರೆ ಇಳಿಸುತ್ತದೆ. ಬಿಸಿ 27ರಿಂದ 35 ಡಿಗ್ರಿ ಮತ್ತು ತೇವಾಂಶ ಶೇ. 60ರಿಂದ 78 ಇರುವಾಗ ಹದ ಸರಿಯಾಗುತ್ತದೆ. ಮಳೆ ಒಂದೇ ಸಲ ಸುರಿದು ಆಮೇಲೆ ಪೂರ್ತಿ ಕೈಕೊಡುವ ವರ್ಷಕ್ಕಿಂತ, ಏರಿಳಿತ ಇಲ್ಲದೆ ಹಂಚಿ ಬೀಳುವ ವರ್ಷವೇ ಡೆಂಗಿಗೆ ಅನುಕೂಲ ಅಂತಲೂ ಅವರು ಕಂಡುಕೊಂಡರು. ಒಟ್ಟು ಮಳೆ ಎಷ್ಟು ಅಂತ ಮಾತ್ರ ನೋಡಿದರೆ ಇದು ಗೊತ್ತಾಗುವುದೇ ಇಲ್ಲ.

ಹಾಗಾದರೆ ಜುಲೈ ಮಳೆ ಸೊಳ್ಳೆಯನ್ನೆಲ್ಲಾ ತೊಳೆದುಹಾಕಿತು ಅಂತಲೇ? ಅದೂ ಅಲ್ಲ. ಡೆಂಗಿ ತರುವ ಈಡಿಸ್ ಸೊಳ್ಳೆ ಮೊಟ್ಟೆಯನ್ನು ನೀರಿನ ಮೇಲೆ ತೇಲಿ ಬಿಡುವುದಿಲ್ಲ. ನೀರಿನ ಮಟ್ಟಕ್ಕಿಂತ ಸ್ವಲ್ಪ ಮೇಲೆ, ಒದ್ದೆಯಾಗಿರುವ ಗೋಡೆಗೆ ಅಂಟಿಸುತ್ತದೆ. ನಿಮ್ಮ ಬಾತ್‌ರೂಮಿನ ಡ್ರಮ್ಮಿನ ನೀರು ಅರ್ಧ ಮಾಡಿ, ಟಾರ್ಚ್ ಹಾಕಿ ಒಳಗಿನ ಅಂಚು ನೋಡಿ. ನೀರು ನಿಂತಿದ್ದ ಗೆರೆಯ ಹತ್ತಿರ ಮಸಿಯ ಪುಡಿ ಉದುರಿದ ಹಾಗೆ ಸಣ್ಣ ಕಪ್ಪು ಚುಕ್ಕಿ ಕಂಡರೆ ಅದು ಕೊಳೆ ಅಂದುಕೊಳ್ಳಬೇಡಿ. ಒಂದೊಂದೂ ಒಂದು ಮಿ.ಮೀ. ಕೂಡ ಉದ್ದ ಇರುವುದಿಲ್ಲ, ಬೆರಳಲ್ಲಿ ಸುಮ್ನೆ ಸವರಿದರೆ ಬಿಡುವುದಿಲ್ಲ. ಲ್ಯಾಬಿನಲ್ಲಿ ನಾವು ಈ ಮೊಟ್ಟೆ ಅಂಟಿದ ಕಾಗದದ ಪಟ್ಟಿಗಳನ್ನು ಒಣಗಿಸಿ ಡಬ್ಬದಲ್ಲಿ ಇಡುತ್ತಿದ್ದೆವು. ಮೂರು ನಾಲ್ಕು ತಿಂಗಳಾದ ಮೇಲೆ ಒಂದು ಪಟ್ಟಿಯನ್ನು ಬಿಳಿ ಟ್ರೇಯ ನೀರಿಗೆ ಹಾಕಿ, ಚಹಾ ಕುಡಿದು ಬರುವಷ್ಟರಲ್ಲಿ ಕೂದಲಿನ ಚೂರಿನ ಹಾಗೆ ಮರಿಗಳು ಓಡಾಡುತ್ತಿರುತ್ತಿದ್ದವು. ಎಷ್ಟು ಸಲ ನೋಡಿದರೂ ನನಗೆ ಅದು ಅಚ್ಚರಿಯೇ.

ನಿಮ್ಮ ಟೆರೇಸಿನಲ್ಲೂ ಇದೇ ನಡೆಯುತ್ತದೆ. ಮೇ ತಿಂಗಳ ಬಿಸಿಲಿಗೆ ಒಣಗಿದ ಡಬ್ಬದ ಅಂಚಿನಲ್ಲಿ ಮೊಟ್ಟೆ ಕಾದಿರುತ್ತದೆ. ಜೂನ್ ಮಳೆ ಬಿದ್ದು ನೀರು ಆ ಅಂಚಿಗೆ ಮುಟ್ಟಿದರೆ ಒಡೆಯುತ್ತದೆ. ಜುಲೈಯಲ್ಲಿ ಹುಳ ಕೊಚ್ಚಿ ಹೋದರೂ ಗೋಡೆಗೆ ಅಂಟಿದ ಮೊಟ್ಟೆ ಅಷ್ಟು ಸುಲಭಕ್ಕೆ ಹೋಗುವುದಿಲ್ಲ. ಆಗಸ್ಟಿನಲ್ಲಿ ನಾಲ್ಕು ದಿನ ಬಿಸಿಲು, ಎರಡು ದಿನ ತುಂತುರು, ಮತ್ತೆ ಬಿಸಿಲು ಅಂತ ಶುರುವಾದರೆ ಅದಕ್ಕೆ ಸುಗ್ಗಿ. ಸೋರುವ ಮಾಳಿಗೆಗೆ ಮುಂಬಯಿಯವರು ಹಾಕುವ ನೀಲಿ ತಾಡಪತ್ರಿ ಇದೆಯಲ್ಲ, ಅದರ ಒಂದೊಂದು ಮಡಿಕೆಯೂ ಒಂದೊಂದು ಕೆರೆ. ನಿಮ್ಮ ಬಿಲ್ಡಿಂಗ್ ಹಳೇದು ಅಂದಿರಿ, ಟೆರೇಸಿನಲ್ಲಿ ತಾಡಪತ್ರಿ ಇದ್ದರೆ ಮೊದಲು ಅದನ್ನೇ ನೋಡಿ.

ಈಗ ದಿನ ಎಣಿಸೋಣ. ಆಗಸ್ಟ್ ಮಧ್ಯದಲ್ಲಿ ಮಳೆ ಬಿಡುವು ಕೊಟ್ಟಿತು ಅಂತಿಟ್ಟುಕೊಳ್ಳಿ. ಸೊಳ್ಳೆ ಹಾರಲು ಹತ್ತು ದಿನ. ಹೆಣ್ಣು ಸೊಳ್ಳೆ ಎರಡು ಮೂರು ದಿನದಲ್ಲಿ ರಕ್ತ ಹುಡುಕಿ ಹೊರಟು, ಆಗಲೇ ಡೆಂಗಿ ಇದ್ದ ಯಾರನ್ನೋ ಕಚ್ಚಿತು. ಕಚ್ಚಿದ ತಕ್ಷಣ ಅದು ಬೇರೆಯವರಿಗೆ ರೋಗ ಕೊಡಲಾರದು. ವೈರಸ್ ಸೊಳ್ಳೆಯ ಹೊಟ್ಟೆಯಲ್ಲಿ ಬೆಳೆದು, ಹೊಟ್ಟೆ ದಾಟಿ, ಜೊಲ್ಲಿನ ಗ್ರಂಥಿಗೆ ಬರಬೇಕು. 25ರಿಂದ 28 ಡಿಗ್ರಿಯಲ್ಲಿ ಅದಕ್ಕೆ ಎಂಟರಿಂದ ಹನ್ನೆರಡು ದಿನ. ಆಮೇಲೆ ಕಚ್ಚಿಸಿಕೊಂಡವರಿಗೆ ಜ್ವರ ಕಾಣಿಸಲು ಇನ್ನೂ ನಾಲ್ಕರಿಂದ ಹತ್ತು ದಿನ. ಒಂದು ಸುತ್ತಿಗೇ ತಿಂಗಳ ಹತ್ತಿರವಾಯಿತು. ಮೊದಲ ಸುತ್ತಿನಲ್ಲಿ ಬಿಲ್ಡಿಂಗಿಗೆ ಒಬ್ಬರೋ ಇಬ್ಬರೋ ಮಲಗುತ್ತಾರೆ, ಅವರಿಂದ ಎರಡನೇ ಸುತ್ತು ಹರಡುವಾಗ ಎಲ್ಲರಿಗೂ ಗೊತ್ತಾಗುತ್ತದೆ. ಅಷ್ಟರಲ್ಲಿ ಸೆಪ್ಟೆಂಬರ್ ಕೊನೆ. ಆಕಾಶ ನೀಲಿ, ಕೊಡೆ ಅಟ್ಟ ಸೇರಿದೆ, ಜನ "ಮಳೆಯೇ ಇಲ್ಲ, ಡೆಂಗಿ ಎಲ್ಲಿಂದ" ಅಂತ ಕೇಳುತ್ತಾರೆ. ನಿಮ್ಮ ಮಗನಿಗೆ ಬಂದ ಜ್ವರದ ಬೀಜ ಐದಾರು ವಾರ ಹಿಂದಿನ ಒಂದು ಬಿಡುವಿನಲ್ಲಿ ಬಿದ್ದಿದ್ದಿರಬೇಕು. ಮತ್ತೆ ಈಡಿಸ್ ದೂರ ಹಾರುವ ಜಾತಿಯಲ್ಲ, ಸಾಮಾನ್ಯವಾಗಿ ಹುಟ್ಟಿದ ಜಾಗದಿಂದ ನೂರಿನ್ನೂರು ಮೀಟರ್ ಒಳಗೇ ಸುತ್ತುತ್ತದೆ. ಒಂದೇ ವಿಂಗ್‌ನಲ್ಲಿ ಮೂರು ಮನೆ ಅಂದರೆ ಅದು ಹುಟ್ಟಿದ ನೀರು ನಿಮ್ಮ ಕಾಂಪೌಂಡಿನಲ್ಲಿ ಅಥವಾ ಪಕ್ಕದಲ್ಲೇ ಇದ್ದಿರಬಹುದು, ಹುಡುಕಿ.

ಬಿಸಿಯ ಲೆಕ್ಕ ಇನ್ನೂ ಸ್ವಾರಸ್ಯ, ನಿಮ್ಮ ಚಳಿಯ ಪ್ರಶ್ನೆಗೂ ಅದರಲ್ಲೇ ಉತ್ತರ ಇದೆ. ಸೊಳ್ಳೆಯ ಆಯಸ್ಸೇ ಚಿಕ್ಕದು, ಎರಡು ಮೂರು ವಾರ ಬದುಕಿದರೆ ಹೆಚ್ಚು. ಅದರ ಒಳಗಿನ ರೋಗಾಣುವಿನ ಬೆಳವಣಿಗೆ ಹೊರಗಿನ ಬಿಸಿಯನ್ನು ನಂಬಿಕೊಂಡಿದೆ, ಯಾಕೆಂದರೆ ಸೊಳ್ಳೆಯ ಮೈಗೆ ನಮ್ಮ ಹಾಗೆ ತನ್ನದೇ ಬಿಸಿ ಇಲ್ಲ. ಹಾಗಾಗಿ ಇದು ಒಂದು ಓಟ: ಸೊಳ್ಳೆ ಸಾಯುವ ಮೊದಲು ರೋಗಾಣು ತಯಾರಾಗುತ್ತದಾ ಇಲ್ಲವಾ.

ಈ ಓಟ ಡೆಂಗಿಗೂ ಇದೆ, ಸೊಳ್ಳೆಯಿಂದಲೇ ಬರುವ ಮಲೇರಿಯಾಕ್ಕೂ ಇದೆ. ಲೆಕ್ಕ ತೋರಿಸಲು ಮಲೇರಿಯಾವನ್ನೇ ತೆಗೆದುಕೊಳ್ಳೋಣ, ಅದಕ್ಕೆ ಒಂದು ಹಳೆಯ ಸರಳ ಸೂತ್ರ ಇದೆ, ಪೆನ್ನು ಹಿಡಿದು ನೀವೇ ಮಾಡಬಹುದು. ಅಪಾಯಕಾರಿ ಫಾಲ್ಸಿಪಾರಮ್ ಮಲೇರಿಯಾಕ್ಕೆ ದಿನದ ಸರಾಸರಿ ಬಿಸಿಯಲ್ಲಿ 16 ಕಳೆಯಿರಿ, ಬಂದದ್ದರಿಂದ 111ನ್ನು ಭಾಗಿಸಿ, ರೋಗಾಣು ತಯಾರಾಗಲು ಬೇಕಾದ ದಿನ ಸಿಗುತ್ತದೆ. ಸಾಮಾನ್ಯ ವೈವಾಕ್ಸ್ ಮಲೇರಿಯಾಕ್ಕೆ 14.5 ಕಳೆದು, 105ನ್ನು ಭಾಗಿಸಿ. ಸರಾಸರಿ 28 ಡಿಗ್ರಿ ಇದ್ದರೆ ಫಾಲ್ಸಿಪಾರಮ್‌ಗೆ ಒಂಬತ್ತು ದಿನ, ವೈವಾಕ್ಸ್‌ಗೆ ಎಂಟು. ಈಗ ಜನವರಿಗೆ ಬನ್ನಿ. ಪುಣೆಯಲ್ಲಿ ಜನವರಿಯ ಸರಾಸರಿ 21 ಡಿಗ್ರಿಯ ಹತ್ತಿರ. ಫಾಲ್ಸಿಪಾರಮ್ ತಯಾರಾಗಲು 22 ದಿನ ಬೇಕು, ಅಷ್ಟರಲ್ಲಿ ಹೆಚ್ಚಿನ ಸೊಳ್ಳೆ ಸತ್ತಿರುತ್ತವೆ. ಮುಂಬಯಿಯಲ್ಲಿ ಅದೇ ಜನವರಿಯ ಸರಾಸರಿ ಸುಮಾರು 24. ಫಾಲ್ಸಿಪಾರಮ್‌ಗೆ 14 ದಿನ, ವೈವಾಕ್ಸ್‌ಗೆ 11 ದಿನ. ಓಟ ಕಷ್ಟ ಆಗುತ್ತದೆ, ಆದರೆ ನಿಲ್ಲುವುದಿಲ್ಲ. ಬರೀ ಮೂರು ಡಿಗ್ರಿ ವ್ಯತ್ಯಾಸಕ್ಕೆ ಎಂಟು ದಿನದ ಅಂತರ ನೋಡಿ!

ಆದ್ದರಿಂದ "ಚಳಿ ಬಂದರೆ ನಿಲ್ಲುತ್ತದಾ" ಅಂದರೆ, ಪುಣೆಯಲ್ಲಿ ಡಿಸೆಂಬರ್ ಹೊತ್ತಿಗೆ ಚೆನ್ನಾಗಿ ಇಳಿಯುತ್ತದೆ. ಮುಂಬಯಿಯಲ್ಲಿ ಮತ್ತು ಗೋವಾದಲ್ಲಿ ಇಳಿಯುತ್ತದೆ, ಪೂರ್ತಿ ಹೋಗುವುದಿಲ್ಲ. ಅಕ್ಟೋಬರ್ ಹೀಟ್ ಅಂತ ನಾವೆಲ್ಲಾ ಗೊಣಗುತ್ತೇವಲ್ಲ, ಆ ಸೆಕೆ ಡೆಂಗಿಗೆ ಬಲು ಇಷ್ಟ, ಯಾಕೆಂದರೆ ಈಡಿಸ್ ಮೂಲಕ ಡೆಂಗಿ ಅತಿ ಚೆನ್ನಾಗಿ ಹರಡುವುದು 29 ಡಿಗ್ರಿಯ ಆಸುಪಾಸಿನಲ್ಲಿ. ಮಲೇರಿಯಾಕ್ಕೆ 25ರ ಹತ್ತಿರ ಸಾಕು. ಹಾಗಾಗಿ ನವೆಂಬರ್ ಮುಗಿಯುವ ತನಕ ಎಚ್ಚರ ಬಿಡಬೇಡಿ.

ಇಷ್ಟು ಹೊತ್ತು ಮಳೆ ನೀರಿನ ಮಾತಾಯಿತು. ಮಳೆಗೂ ಬಿಸಿಲಿಗೂ ಸಂಬಂಧವೇ ಇಲ್ಲದ ಇನ್ನೊಂದು ನೀರು ನಮ್ಮ ತಲೆಯ ಮೇಲಿದೆ: ಟೆರೇಸಿನ ಟಾಂಕಿ. ಪಟ್ಟಣದ ಮಲೇರಿಯಾ ತರುವ ಅನಾಫಿಲಿಸ್ ಸ್ಟೀಫೆನ್ಸಿ ಶುದ್ಧ ನೀರಿನ ಸೊಳ್ಳೆ. ಅದಕ್ಕೆ ಬಾವಿ, ಟಾಂಕಿ, ಕಟ್ಟಡದ ಕೆಲಸದಲ್ಲಿ ಕ್ಯೂರಿಂಗ್‌ಗೆ ನಿಲ್ಲಿಸುವ ನೀರು ಎಲ್ಲಾ ಬೇಕು. ಮುಂಬಯಿಗೆ ಇದು ನೂರು ವರ್ಷಕ್ಕೂ ಹಳೆಯ ಕಥೆ. 1911ರಲ್ಲಿ ಬೆಂಟ್ಲಿ ಅನ್ನುವ ವೈದ್ಯಾಧಿಕಾರಿ ಶಹರದ ಮಲೇರಿಯಾ ತನಿಖೆ ಮಾಡಿ, ಮನೆಮನೆಯ ಬಾವಿಗಳಲ್ಲಿ ಈ ಸೊಳ್ಳೆ ಹುಟ್ಟುತ್ತಿದೆ ಅಂತ ವರದಿ ಕೊಟ್ಟ. ಬಾವಿ ಮುಚ್ಚಿ ಅಂದಾಗ ಪಾರ್ಸಿಗಳು ಮತ್ತು ಬೇರೆಯವರು ಧರ್ಮಕ್ಕೆ ಬೇಕಾದ ನೀರು ಅಂತ ವಿರೋಧಿಸಿದರು, ಕೊನೆಗೆ ಸೊಳ್ಳೆ ಹೋಗದ ಹಾಗೆ ಮುಚ್ಚಳ ಮಾಡುವ ದಾರಿ ಬಂತು. ಬಾವಿಯ ಜಾಗಕ್ಕೆ ಟಾಂಕಿ ಬಂದ ಮೇಲೆ ಸೊಳ್ಳೆಯೂ ಟಾಂಕಿಗೆ ಹತ್ತಿತು. ಗೋವಾದಲ್ಲಿ 1986ರ ನಂತರ ಪಣಜಿ ಮತ್ತು ಕಡಲ ತೀರದ ಊರುಗಳಲ್ಲಿ ಮಲೇರಿಯಾ ಏರಿದ್ದೂ ಕಟ್ಟಡದ ಕೆಲಸ ಜೋರಾದಾಗಲೇ. ಅಲ್ಲಿ ಗಾರೆ ಕೆಲಸಕ್ಕೆ ಹೋದವರಲ್ಲಿ ನಮ್ಮ ಬಾಗಲಕೋಟೆ, ವಿಜಯಪುರ, ಗದಗದವರೇ ಎಷ್ಟು ಜನ! ರೋಗ ತಂದವರು ಅಂತ ಅವರನ್ನು ದೂರುವುದು ಸುಲಭ, ಆದರೆ ಸೊಳ್ಳೆಪರದೆ ಇಲ್ಲದ ಶೆಡ್ಡಿನಲ್ಲಿ ಮೊದಲು ಕಚ್ಚಿಸಿಕೊಳ್ಳುವವರೂ ಅವರೇ.

ಟಾರ್ಚ್ ಹಿಡಿದಾಗ ಇನ್ನೊಂದು ಕೆಲಸ ಮಾಡಿ. ಹುಳ ನೀರಿನ ಮೇಲ್ಮೈಗೆ ಸಮನಾಗಿ ಮಲಗಿದ ಹಾಗೆ ತೇಲುತ್ತಿದ್ದರೆ ಅನಾಫಿಲಿಸ್. ತಲೆ ಕೆಳಗೆ ಮಾಡಿ ಬಾಲದಿಂದ ನೇತಾಡುತ್ತಿದ್ದರೆ ಈಡಿಸ್ ಅಥವಾ ಕ್ಯೂಲೆಕ್ಸ್. ಗಟಾರದ ಕೊಳಚೆಯಲ್ಲಿ ಕಂಡದ್ದು ಹೆಚ್ಚಾಗಿ ಕ್ಯೂಲೆಕ್ಸ್, ರಾತ್ರಿ ಕಿವಿ ಹತ್ತಿರ ಗುಂಯ್ ಅನ್ನುವುದು, ಆನೆಕಾಲು ರೋಗ ಹರಡುವುದು ಅದು. ಗಟಾರದ ಸೊಳ್ಳೆಯನ್ನು ಬೈಯುತ್ತಾ ಮನೆಯೊಳಗಿನ ಮನಿಪ್ಲಾಂಟ್ ಬಾಟಲಿಯನ್ನು ಮರೆಯುವುದು ನಾನು ಪ್ರತಿ ಸೊಸೈಟಿಯಲ್ಲೂ ನೋಡಿದ್ದೇನೆ. ಡೆಂಗಿ ಗಟಾರದಿಂದ ಬರುವುದು ತೀರಾ ಕಡಿಮೆ.

ಬರಗಾಲವೂ ರೋಗ ತರುತ್ತದೆ, ಇದನ್ನು ಜನ ಸುಲಭಕ್ಕೆ ಒಪ್ಪುವುದಿಲ್ಲ. ನೀರು ಎರಡು ದಿನಕ್ಕೊಮ್ಮೆ ಬಂದರೆ ಮನೆಯಲ್ಲಿ ಡ್ರಮ್, ಹಂಡೆ, ಕ್ಯಾನ್ ಎಲ್ಲಾ ತುಂಬಿ ಇಡಲೇಬೇಕು. ಏಪ್ರಿಲ್ ಮೇ ಬಿಸಿಲಿಗೆ ಹೊರಗಿನ ನೀರೆಲ್ಲಾ ಆರಿದರೂ ಈಡಿಸ್ ಈ ಡ್ರಮ್ಮುಗಳಲ್ಲಿ ಸಂತಾನ ಉಳಿಸಿಕೊಳ್ಳುತ್ತದೆ.

ಈಗ ಮುಂದಿನ ಕಾಲದ ಮಾತು. ಬಿಸಿ ಏರಿದಷ್ಟೂ ರೋಗ ಏರುತ್ತದೆ ಅನ್ನುವುದು ಅರ್ಧ ಸತ್ಯ. 35 ಡಿಗ್ರಿ ದಾಟಿದ ಮೇಲೆ ಸೊಳ್ಳೆಗೇ ಕಷ್ಟ, ಒಣ ಗಾಳಿ ಇದ್ದರಂತೂ ಬೇಗ ಸಾಯುತ್ತದೆ. ನಮಗೆ ಅಪಾಯ ಇರುವುದು ಮಳೆಗಾಲದ ಬಿಸಿ ಏರುವುದರಲ್ಲಿ, ಯಾಕೆಂದರೆ ಆಗ ತೇವವೂ ಇರುತ್ತದೆ, ಬಿಸಿಯೂ ಹದಕ್ಕೆ ಬರುತ್ತದೆ. ಜೊತೆಗೆ ಕಾಲ ಉದ್ದವಾಗುತ್ತಿದೆ. ಮಳೆ ಮುಂಬಯಿ ಬಿಡುವ ವಾಡಿಕೆಯ ದಿನ ಮೊದಲು ಸೆಪ್ಟೆಂಬರ್ 29 ಅಂತಿತ್ತು, 2020ರಲ್ಲಿ ಹವಾಮಾನ ಇಲಾಖೆ ಅದನ್ನು ಅಕ್ಟೋಬರ್ 8 ಮಾಡಿತು. ಒಂಬತ್ತು ದಿನ ಅಂದರೆ ಒಂದು ಪೀಳಿಗೆ ಸೊಳ್ಳೆ! ಪುಣೆಯ ಆ ಅಧ್ಯಯನದ ಲೆಕ್ಕದಲ್ಲಿ ಅಲ್ಲಿನ ಡೆಂಗಿ ಸಾವು ಸದ್ಯದ ವರ್ಷಗಳಲ್ಲೇ ಸುಮಾರು ಶೇ. 13 ಹೆಚ್ಚಬಹುದು, 2040ರಿಂದ 2060ರ ಹೊತ್ತಿಗೆ ಶೇ. 23ರಿಂದ 40.

ಇದು ಹಣೆಬರಹ ಅಲ್ಲ ಅಂತ ನಾನು ಒತ್ತಿ ಹೇಳುತ್ತೇನೆ. ನಮ್ಮ ದೇಶದಲ್ಲಿ 2015ರಲ್ಲಿ 11 ಲಕ್ಷಕ್ಕೂ ಹೆಚ್ಚು ಮಲೇರಿಯಾ ಪ್ರಕರಣ ದಾಖಲಾಗಿದ್ದವು, 2023ರಲ್ಲಿ ಎರಡೂಕಾಲು ಲಕ್ಷದ ಆಸುಪಾಸು. ಆ ಎಂಟು ವರ್ಷದಲ್ಲಿ ಬಿಸಿ ಕಡಿಮೆ ಆಗಿತ್ತೇ? ಇಲ್ಲ. ಔಷಧಿ ಬೆರೆಸಿದ ಪರದೆ, ಬೇಗ ರಕ್ತ ಪರೀಕ್ಷೆ, ಪೂರ್ತಿ ಔಷಧಿ, ಇವೇ ಇಳಿಸಿದ್ದು. ಅದೇ ಪುಣೆಯ ತಂಡ ಡೆಂಗಿಗೆ ಎರಡು ತಿಂಗಳು ಮೊದಲೇ ಮುನ್ಸೂಚನೆ ಕೊಡಬಹುದು ಅಂತಲೂ ತೋರಿಸಿದೆ. ಪಾಲಿಕೆಗಳು ಇದನ್ನು ಕೈಗೆತ್ತಿಕೊಳ್ಳಬೇಕು. ಜನ ಆಸ್ಪತ್ರೆ ಸೇರಿದ ಮೇಲೆ ಹೊಗೆ ಹಾಕಲು ಬರುವುದು ತಡವಾದ ಕೆಲಸ. ಫಾಗಿಂಗ್ ಆಗ ಹಾರುತ್ತಿರುವ ಸೊಳ್ಳೆಯನ್ನಷ್ಟೇ ಕೊಲ್ಲುತ್ತದೆ. ಈಡಿಸ್ ಕಪಾಟಿನ ಹಿಂದೆ, ಪರದೆಯ ಮಡಿಕೆಯಲ್ಲಿ, ತೂಗುಹಾಕಿದ ಬಟ್ಟೆಯ ಸಂದಿಯಲ್ಲಿ ಕೂತಿರುತ್ತದೆ, ಡ್ರಮ್ಮಿನ ಹುಳಕ್ಕೆ ಹೊಗೆ ತಾಗುವುದೇ ಇಲ್ಲ.

ಮಲೇರಿಯಾ ಸೊಳ್ಳೆಯಿಂದ ಹರಡುತ್ತದೆ ಅಂತ ಕಂಡುಹಿಡಿದ ರೊನಾಲ್ಡ್ ರಾಸ್ 1883ರಲ್ಲಿ ಬೆಂಗಳೂರಿನಲ್ಲಿ ಕೆಲಸಕ್ಕಿದ್ದಾಗ, ತನ್ನ ಬಂಗಲೆಯ ಕಿಟಕಿ ಹತ್ತಿರದ ನೀರಿನ ತೊಟ್ಟಿ ಖಾಲಿ ಮಾಡಿ ಸೊಳ್ಳೆ ಕಾಟ ಇಳಿಸಿಕೊಂಡಿದ್ದ. ಅದೇ ಕೆಲಸ ಇವತ್ತಿಗೂ. ಮಳೆ ಎರಡು ದಿನ ಬಿಡುವು ಕೊಟ್ಟ ಕೂಡಲೇ ಟೆರೇಸಿಗೆ ಹತ್ತಿ. ವಾರಕ್ಕೊಂದು ದಿನ ಗೊತ್ತು ಮಾಡಿ ಡ್ರಮ್ ಖಾಲಿ ಮಾಡಿ, ಖಾಲಿ ಮಾಡಿದರೆ ಸಾಲದು, ಒಳಗಿನ ಅಂಚನ್ನು ಪಾತ್ರೆ ಉಜ್ಜುವ ತಂತಿಯಿಂದ ಗಸಗಸ ಉಜ್ಜಿ, ಮೊಟ್ಟೆ ಇರುವುದು ಅಲ್ಲಿ. ಫ್ರಿಜ್ಜಿನ ಹಿಂದಿನ ತಟ್ಟೆ, ಕುಂಡದ ಕೆಳಗಿನ ತಟ್ಟೆ, ಏಸಿಯ ನೀರು ಹಿಡಿಯುವ ಬಕೆಟ್ ಮರೆಯಬೇಡಿ. ಟಾಂಕಿಯ ಮುಚ್ಚಳದಲ್ಲಿ ಬೆರಳು ಹೋಗುವಷ್ಟು ಸಂದಿ ಇದ್ದರೂ ಸೊಳ್ಳೆಗೆ ಅದು ಹೆಬ್ಬಾಗಿಲು, ಓವರ್‌ಫ್ಲೋ ಪೈಪಿಗೂ ಜಾಲರಿ ಕಟ್ಟಿಸಿ. ಮೇ ಕೊನೆಗೆ, ಮೊದಲ ಮಳೆಗೆ ಮುಂಚೆ, ಒಂದು ಸಲ ಎಲ್ಲಾ ಉಜ್ಜಿದರೆ ಇಡೀ ವರ್ಷದ ಅರ್ಧ ಕೆಲಸ ಮುಗಿಯಿತು ಅಂತ ನನ್ನ ಅನುಭವ.

ಮಗನ ವಿಷಯ ಒಂದು ಮಾತು. ಡೆಂಗಿ ವೈರಸ್‌ನಲ್ಲಿ ನಾಲ್ಕು ಬಗೆ. ಈಗ ಬಂದ ಬಗೆ ಮತ್ತೆ ಬರಲಿಕ್ಕಿಲ್ಲ, ಆದರೆ ಬೇರೆ ಬಗೆ ಬಂದರೆ ಎರಡನೇ ಸಲ ಹೆಚ್ಚು ಜೋರಾಗುವ ಅಪಾಯ ಇದೆ. ಮುಂದೆ ಮಳೆಗಾಲದಲ್ಲಿ ಅವನಿಗೆ ಜ್ವರ ಬಂದರೆ ಕಾಯಬೇಡಿ, ಡೆಂಗಿ ಮತ್ತು ಮಲೇರಿಯಾ ಎರಡಕ್ಕೂ ರಕ್ತ ಪರೀಕ್ಷೆ ಮಾಡಿಸಿ, ಹಿಂದೆ ಡೆಂಗಿ ಬಂದಿತ್ತು ಅಂತ ಡಾಕ್ಟರಿಗೆ ಹೇಳಿ. ಜ್ವರಕ್ಕೆ ಪ್ಯಾರಾಸಿಟಮಾಲ್ ಸಾಕು, ಆಸ್ಪಿರಿನ್, ಐಬುಪ್ರೊಫೆನ್ ಬೇಡ. ಜ್ವರ ಬಿಟ್ಟ ದಿನವೇ ಜಾಸ್ತಿ ಎಚ್ಚರ ಬೇಕು. ಹೊಟ್ಟೆನೋವು, ಬಿಡದ ವಾಂತಿ, ವಸಡಲ್ಲಿ ರಕ್ತ, ತೀರಾ ಸುಸ್ತು ಕಂಡರೆ ತಕ್ಷಣ ಆಸ್ಪತ್ರೆ.

ಇನ್ನು ಊರು. ಕರಾವಳಿಯಲ್ಲಿ ದೀಪಾವಳಿ ಹೊತ್ತಿಗೆ ಗುಡುಗಿನ ಮಳೆ ಆಗಾಗ ಬರುತ್ತಿರುತ್ತದೆ, ಅಂದರೆ ಬಿಟ್ಟು ಬಿಟ್ಟು ಬರುವ ಅದೇ ಮಳೆ. ಅಮ್ಮನ ತೋಟದಲ್ಲಿ ಬಿದ್ದ ಅಡಿಕೆ ಹಾಳೆ, ತೆಂಗಿನ ಚಿಪ್ಪು, ಎಳನೀರು ಬೊಂಡ, ಹತ್ತಿರ ರಬ್ಬರ್ ಇದ್ದರೆ ಹಾಲು ಹಿಡಿಯುವ ಚಿಪ್ಪು, ಇವುಗಳಲ್ಲಿ ಈಡಿಸ್‌ನ ಕಾಡು ಕಡೆಯ ಜಾತಿ ಹುಟ್ಟುತ್ತದೆ, ಅದೂ ಡೆಂಗಿ ಮತ್ತು ಚಿಕುನ್‌ಗುನ್ಯಾ ತರಬಲ್ಲದು. ಹಾಳೆಗಳನ್ನು ಮಗುಚಿ ಇಡಿ ಅಥವಾ ಒಟ್ಟು ಮಾಡಿ ಮಾಡಿನ ಕೆಳಗೆ ಹಾಕಿಸಿ. ಅಂಗಳದ ಬಾವಿಗೆ ಸಣ್ಣ ಕಣ್ಣಿನ ಬಲೆ ಹಾಕಿಸಿ. ಈಡಿಸ್ ಹಗಲು ಕಚ್ಚುತ್ತದೆ, ಬೆಳಗ್ಗೆ ಮತ್ತು ಮುಸ್ಸಂಜೆಗೆ ಮುಂಚೆ ಜಾಸ್ತಿ. ಅಮ್ಮ ತೋಟಕ್ಕೆ ಹೋಗುವುದು ಆ ಹೊತ್ತಿಗೇ ಅಲ್ವಾ, ಕೈಕಾಲು ಮುಚ್ಚುವ ಬಟ್ಟೆ ಹಾಕಲು ಹೇಳಿ. ಮತ್ತೆ ಗೋರೆಗಾಂವ್ ಮನೆಗೆ ಬೀಗ ಹಾಕುವ ಮೊದಲು ಡ್ರಮ್, ಬಕೆಟ್ ಎಲ್ಲಾ ಖಾಲಿ ಮಾಡಿ ಮಗುಚಿ, ಕಮೋಡಿನ ಮುಚ್ಚಳ ಹಾಕಿ, ಹೂದಾನಿಯ ನೀರು ಚೆಲ್ಲಿ. ಹತ್ತು ದಿನ ಬಿಟ್ಟು ಬಂದು ಬಾಗಿಲು ತೆಗೆದಾಗ ಒಳಗಿಂದ ಸೊಳ್ಳೆ ಏಳಬಾರದು.